ಹಾಡು ಎಲ್ಲರದು, ಅಂಕಿತ ಒಬ್ಬರದು

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಮೊಸರಕಲ್ಲು ಎಂಬ ಹಳ್ಳಿಯಿದೆ. ಹದಿನೆಂಟನೆಯ ಶತಮಾನದ ಹರಿದಾಸರಲ್ಲಿ ಹಿರಿಯರಾದ ಗೋಪಾಲದಾಸರು ಹುಟ್ಟಿದ ಊರು ಅದು. ಅವರ ಗುರುಗಳಾದ ವಿಜಯದಾಸರು ನೆರೆಯ ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ನೆಲೆಸಿದ್ದುದು ಮಾನ್ವಿಯಲ್ಲಿ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎರೆಯ ನಾಡಿಗೆ ದಾಸಸಾಹಿತ್ಯದ ತವರು ಎಂಬ ಹೆಸರು ಬಂದುದು ಸುಮ್ಮನೆ ಅಲ್ಲ.

ಇಲ್ಲಿಯ ಭಜನಾಮೇಳಗಳಲ್ಲಿ ದಾಸರ ಪದಗಳನ್ನು ಹಾಡುವವರು ಯಾರ ಅಪ್ಪಣೆಗೂ ಕಾಯುವುದಿಲ್ಲ. ಸಂಗೀತ ಬಲ್ಲವರು ರಾಗವಾಗಿ ಹಾಡುತ್ತಾರೆ. ಉಳಿದವರು ತಮಗೊಪ್ಪುವ ಧಾಟಿಯಲ್ಲಿ ತಾಳ ಹಾಕಿಕೊಂಡು ಹಾಡುತ್ತಾರೆ. ನಡುವೆ ಒಂದು ನುಡಿ ಮರೆತುಹೋದರೆ ಅದನ್ನು ಬಿಟ್ಟು ಮುಂದೆ ಸಾಗುವುದೂ ಉಂಟು. ಆದರೆ ಕಡೆಯ ನುಡಿಗೆ ಬಂದಾಗ ಅಂಕಿತವನ್ನು ಮಾತ್ರ ಯಾರೂ ಬಿಡುವುದಿಲ್ಲ. ವಿಜಯದಾಸರ ಪದವಾದರೆ ‘ವಿಜಯವಿಠಲ’, ಗೋಪಾಲದಾಸರದಾದರೆ ‘ಗೋಪಾಲವಿಠಲ’, ಜಗನ್ನಾಥದಾಸರದಾದರೆ ‘ಜಗನ್ನಾಥವಿಠಲ’. ಅಂಕಿತವೆಂಬುದು ಆರಾಧ್ಯದೈವದ ಹೆಸರು; ಅದೇ ಪದಕಾರನ ಗುರುತೂ ಹೌದು. ಗೋಪಾಲದಾಸರು ಅದನ್ನು ತಾವೇ ಇಟ್ಟುಕೊಂಡವರಲ್ಲ, ವಿಜಯದಾಸರಿಂದ ಪಡೆದವರು. ಹೀಗಾಗಿ ಹಾಡನ್ನು ಎಲ್ಲರೂ ಹಾಡಬಹುದಾದರೂ ಅದು ಯಾರಿಂದ ಬಂತು, ಯಾವ ಪರಂಪರೆಯದು ಎಂಬ ಲೆಕ್ಕ ಆ ಹಾಡಿನೊಳಗೇ ಸೇರಿಕೊಂಡಿದೆ.

ಅಂಕಿತ ಕಳೆದುಹೋದರೆ ಆಗುವ ತೊಂದರೆ ಏನೆಂಬುದನ್ನು ಹಳೆಯ ಹಾಡಿನ ಕಟ್ಟುಗಳನ್ನು ಬಿಚ್ಚಿದವರೇ ಬಲ್ಲರು. ಒಂದೇ ಪದವು ಒಂದು ಪ್ರತಿಯಲ್ಲಿ ಒಬ್ಬರ ಅಂಕಿತದೊಡನೆಯೂ ಮತ್ತೊಂದು ಪ್ರತಿಯಲ್ಲಿ ಬೇರೊಬ್ಬರ ಅಂಕಿತದೊಡನೆಯೂ ಕಂಡರೆ ಅದು ಯಾರ ರಚನೆಯೆಂದು ನಿರ್ಧರಿಸುವುದು ಹೇಗೆ? ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರಂಥವರು ಈ ಜಿಲ್ಲೆಯ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದಾಗ ಅವರಿಗೆ ಊರುಗೋಲಾಗಿದ್ದುದು ಆ ಎರಡು ಶಬ್ದಗಳ ಅಂಕಿತವೇ.

ದಾಸರ ಪದಗಳಿಗೂ ಕಂಪ್ಯೂಟರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ಸಂಬಂಧವನ್ನು ಕಲ್ಪಿಸಿದ್ದು ಭಾರತದ ಕಾನೂನೇ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿಯಾದಾಗ ‘ಸಾಹಿತ್ಯ ಕೃತಿ’ ಎಂಬ ಮಾತಿನ ಅರ್ಥದೊಳಗೆ ಕಂಪ್ಯೂಟರಿನ ಕ್ರಮವಿಧಿಯೂ ಸೇರಿತು. ಅಂದಿನಿಂದ ಕಾದಂಬರಿ, ಕವಿತೆಗಳ ಸಾಲಿನಲ್ಲಿಯೇ ಕ್ರಮವಿಧಿಯೂ ಕುಳಿತಿದೆ. ಸಾಹಿತ್ಯದ ಮೇಷ್ಟರುಗಳು ಇದನ್ನು ಒಪ್ಪಲಿ ಬಿಡಲಿ, ನ್ಯಾಯಾಲಯ ಒಪ್ಪುತ್ತದೆ.

ಕ್ರಮವಿಧಿ ಎಂದರೆ ಯಂತ್ರವು ಒಂದಾದ ಮೇಲೊಂದರಂತೆ ಮಾಡಬೇಕಾದ ಕೆಲಸಗಳ ಬರಹ. ಇದಕ್ಕೆ ಎರಡು ರೂಪಗಳಿವೆ. ಮನುಷ್ಯನು ಬರೆಯುವ, ಮನುಷ್ಯನು ಓದಬಲ್ಲ ಮೂಲಬರಹ ಒಂದು. ಇದನ್ನೇ ಸೋರ್ಸ್ ಕೋಡ್ ಎನ್ನುವರು. ಅದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸಿದ ಸೊನ್ನೆ ಒಂದುಗಳ ಸಾಲು ಇನ್ನೊಂದು. ಹೋಳಿಗೆ ತಿಂದವನಿಗೆ ಸವಿ ತಿಳಿಯುತ್ತದೆ. ಹೂರಣಕ್ಕೆ ಬೆಲ್ಲವೆಷ್ಟು, ಬೇಳೆಯೆಷ್ಟು ಎಂಬುದು ತಿಳಿಯುವುದಿಲ್ಲ. ಯಂತ್ರರೂಪವನ್ನಷ್ಟೇ ಪಡೆದವನ ಸ್ಥಿತಿ ಹಾಗೆಯೇ. ಮೂಲಬರಹ ಕೈಯಲ್ಲಿದ್ದವನು ಮಾತ್ರ ಒಳಗೆ ಏನಿದೆಯೆಂದು ನೋಡಬಲ್ಲ, ತಪ್ಪಿದ್ದರೆ ತಿದ್ದಬಲ್ಲ.

ಭೌತವಿಜ್ಞಾನಕ್ಕೆ ಇಂದು ಈ ಮೂಲಬರಹವು ತಕ್ಕಡಿಯಷ್ಟೇ ಮುಖ್ಯವಾದ ಸಾಧನ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡು ಕಡೆಗಳಲ್ಲಿದ್ದ ಲೈಗೋ ಉಪಕರಣಗಳು ಒಂದು ಗುರುತ್ವದ ಅಲೆಯನ್ನು ಕಂಡವು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆ ಅದು. ಉಪಕರಣದ 4 ಕಿಲೋಮೀಟರ್ ಉದ್ದದ ತೋಳು ಆ ಅಲೆಗೆ ಅಲುಗಿದ ಪ್ರಮಾಣವು ಪ್ರೋಟಾನ್ ಕಣದ ವ್ಯಾಸದ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ನೆಲದ ನಡುಕ, ಯಂತ್ರಗಳ ಗದ್ದಲಗಳ ನಡುವೆ ಸೆಕೆಂಡಿನ ಐದರಲ್ಲೊಂದು ಭಾಗದಷ್ಟು ಕಾಲ ಬಂದುಹೋದ ಆ ಸದ್ದನ್ನು ಹೆಕ್ಕಿ ತೆಗೆದದ್ದು ಕಿವಿಯಲ್ಲ, ಕಣ್ಣಲ್ಲ, ಕ್ರಮವಿಧಿಗಳು.

ಆ ಶೋಧದಲ್ಲಿ ಕನ್ನಡನಾಡಿನ ಪಾಲೂ ಇತ್ತು. ಬೆಂಗಳೂರಿನ ಉತ್ತರಕ್ಕೆ ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದ ವಿಜ್ಞಾನಿಗಳು, ಐನ್‌ಸ್ಟೈನರ ಸಿದ್ಧಾಂತವನ್ನು ಈ ಅಲೆಯಿಂದಲೇ ಪರೀಕ್ಷಿಸುವ ಒಂದು ವಿಧಾನವನ್ನು ರೂಪಿಸಿದ್ದರು. ಅಲೆಯ ಮೊದಲ ಭಾಗವನ್ನು ನೋಡಿ, ಕೊನೆಗೆ ಉಳಿಯುವ ಕಪ್ಪುಕುಳಿಯ ತೂಕವೆಷ್ಟು ಎಂದು ಲೆಕ್ಕ ಹಾಕಬೇಕು. ಕಡೆಯ ಭಾಗವನ್ನು ನೋಡಿ ಮತ್ತೊಮ್ಮೆ ಲೆಕ್ಕ ಹಾಕಬೇಕು. ಎರಡೂ ತಾಳೆಯಾದರೆ ಸಿದ್ಧಾಂತ ಗೆದ್ದಂತೆ. ತಾಳೆಯಾಯಿತು.

ಲೈಗೋ ವಿಜ್ಞಾನಿಗಳು ಬಳಸುವ ಮುಖ್ಯ ತಂತ್ರಾಂಶಗಳಲ್ಲಿ ಲಾಲ್‌ಸ್ಯೂಟ್ ಒಂದು. ಅದರ ಮೂಲಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಕಡತದ ತಲೆಯಲ್ಲಿ ಬರೆದವರ ಹೆಸರು, ಬರೆದ ವರ್ಷ, ಯಾವ ಷರತ್ತಿನ ಮೇಲೆ ಇದನ್ನು ಬಳಸಬಹುದೆಂಬ ಒಕ್ಕಣೆ, ಮೂರೂ ಕಾಣುತ್ತವೆ. ಇನ್ನೊಬ್ಬರು ಬಂದು ಮಾರ್ಪಾಡು ಮಾಡಿದರೆ ಹಿಂದಿನ ಹೆಸರನ್ನು ಒರಸದೆ ಅದರೊಡನೆ ತಮ್ಮ ಹೆಸರನ್ನು ಸೇರಿಸುತ್ತಾರೆ. ದಾಸರ ಪದದಲ್ಲಿ ಅಂಕಿತ ಕೊನೆಗೆ ಬರುತ್ತದೆ, ಇಲ್ಲಿ ಮೊದಲಿಗೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಆದರೆ ಲಾಲ್‌ಸ್ಯೂಟನ್ನು ಬರೆದವರು ಎಲ್ಲವನ್ನೂ ತಾವೇ ಬರೆದಿಲ್ಲ. ಅಲೆಯನ್ನು ಅದರ ಸ್ವರಗಳಾಗಿ ಒಡೆಯುವ ಗಣಿತಕ್ಕೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಮತ್ತೆಯೊ ಫ್ರಿಗೊ ಮತ್ತು ಸ್ಟೀವನ್ ಜಾನ್ಸನ್ ಎಂಬಿಬ್ಬರು ರಚಿಸಿದ ಎಫ್‌ಎಫ್‌ಟಿಡಬ್ಲ್ಯೂ ಎಂಬ ಕ್ರಮವಿಧಿಯನ್ನು ಅದು ಆಶ್ರಯಿಸಿದೆ. ಸಮೀಕರಣಗಳನ್ನು ಬಿಡಿಸುವಂಥ ನೂರಾರು ಕೆಲಸಗಳಿಗೆ ಗ್ನೂ ಸೈಂಟಿಫಿಕ್ ಲೈಬ್ರರಿ ಎಂಬ ಭಂಡಾರವನ್ನು ಆಶ್ರಯಿಸಿದೆ. ಪರರು ಬರೆದ ಇಂಥ ಭಾಗಗಳಿಲ್ಲದೆ ಇಂದು ದೊಡ್ಡ ತಂತ್ರಾಂಶವೊಂದು ನಿಲ್ಲುವುದೇ ಕಷ್ಟ. ಬಳಸುವುದು ತಪ್ಪಲ್ಲ. ಯಾವ ಕರಾರಿನ ಮೇಲೆ ಬಳಸಲಾಗಿದೆ ಎಂಬುದೇ ಪ್ರಶ್ನೆ.

ಆ ಭಂಡಾರ ಹುಟ್ಟಿದ ಕಾಲದ ಪರಿಸ್ಥಿತಿಯನ್ನು ನೋಡಿದರೆ ಈ ಪ್ರಶ್ನೆಯ ಬಿಗಿ ಅರ್ಥವಾಗುತ್ತದೆ. 1986ರಲ್ಲಿ ‘ನ್ಯೂಮರಿಕಲ್ ರೆಸಿಪೀಸ್’ ಎಂಬ ಗ್ರಂಥ ಪ್ರಕಟವಾಯಿತು. ಭೌತವಿಜ್ಞಾನಿಗಳಿಗೆ ಬೇಕಾಗುವ ಗಣಿತವಿಧಾನಗಳನ್ನೆಲ್ಲ ಅದು ಸೊಗಸಾಗಿ ವಿವರಿಸಿತ್ತು. ಪ್ರತಿಯೊಂದಕ್ಕೂ ಸಿದ್ಧವಾದ ಕ್ರಮವಿಧಿಯನ್ನೂ ಕೊಟ್ಟಿತ್ತು. ಗ್ರಂಥವನ್ನು ಕೊಂಡವನು ಆ ಕ್ರಮವಿಧಿಯನ್ನು ತನ್ನ ಸ್ವಂತ ಬಳಕೆಗಾಗಿ ಟೈಪು ಮಾಡಿಕೊಳ್ಳಬಹುದಿತ್ತು. ಅದರ ಮೂಲಬರಹವನ್ನು ಇನ್ನೊಬ್ಬರಿಗೆ ಹಂಚುವಂತಿರಲಿಲ್ಲ. ಗ್ರಂಥಕರ್ತರಿಗೆ ಹಾಗೆ ಹೇಳುವ ಹಕ್ಕು ಇದ್ದೇ ಇತ್ತು. ಅವರ ಶ್ರಮ ಅವರದು. ತೊಡಕು ಬಂದುದು ಬಳಸಿದವರಿಗೆ. ಸಂಶೋಧಕನೊಬ್ಬನು ಸಾವಿರಾರು ಸಾಲುಗಳ ಕ್ರಮವಿಧಿಯನ್ನು ಬರೆದು, ನಡುವೆ ಆ ಗ್ರಂಥದ ನೂರು ಸಾಲುಗಳನ್ನು ಸೇರಿಸಿದನೆಂದು ಭಾವಿಸೋಣ. ಆತನ ಫಲಿತಾಂಶ ಪ್ರಕಟವಾಗುತ್ತದೆ. ಬೇರೊಂದು ದೇಶದ ವಿಜ್ಞಾನಿಯು, ನಿನ್ನ ಲೆಕ್ಕ ಸರಿಯೇ ಎಂದು ನೋಡಬೇಕು, ಕ್ರಮವಿಧಿಯನ್ನು ಕಳಿಸು ಎಂದರೆ ಕಳಿಸುವಂತಿಲ್ಲ. ನೂರು ಸಾಲುಗಳಿಗಾಗಿ ಸಾವಿರಾರು ಸಾಲುಗಳಿಗೂ ಬೀಗ ಬಿತ್ತು!

1996ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಭೌತವಿಜ್ಞಾನಿಗಳಾದ ಮಾರ್ಕ್ ಗಲಾಸಿ ಮತ್ತು ಜೇಮ್ಸ್ ಥೈಲರ್ ಇಂಥ ಬೀಗವಿಲ್ಲದ ಗಣಿತಭಂಡಾರವೊಂದನ್ನು ಕಟ್ಟಲು ಹೊರಟರು. ಅದೇ ಗ್ನೂ ಸೈಂಟಿಫಿಕ್ ಲೈಬ್ರರಿ. ಇಂದು ಅದರಲ್ಲಿ ಸಾವಿರಕ್ಕೂ ಮೇಲ್ಪಟ್ಟು ಗಣಿತಕ್ರಿಯೆಗಳಿವೆ. ಅದನ್ನು ಅವರು ಜನರಲ್ ಪಬ್ಲಿಕ್ ಲೈಸೆನ್ಸ್, ಸಂಕ್ಷೇಪವಾಗಿ ಜಿಪಿಎಲ್, ಎಂಬ ಪರವಾನಗಿಯ ಕೆಳಗೆ ಲೋಕಕ್ಕೆ ಕೊಟ್ಟರು.

ಈ ಪರವಾನಗಿಯನ್ನು ರೂಪಿಸಿದ ರಿಚರ್ಡ್ ಸ್ಟಾಲ್‌ಮನ್ ಕೂಡ ಭೌತವಿಜ್ಞಾನವನ್ನು ಓದಿದವರೇ; 1974ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಆ ವಿಷಯದಲ್ಲಿ ಪದವಿ ಪಡೆದವರು. ಮುಂದೆ ಅವರು ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ಹೊಸದೊಂದು ಮುದ್ರಣಯಂತ್ರ ಬಂದಿತು. ಅದರಲ್ಲಿ ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಕಾಗದ ಸಿಕ್ಕಿಕೊಂಡಾಗ ಸುದ್ದಿ ತಿಳಿಸುವಂತೆ ಅದರ ಕ್ರಮವಿಧಿಯನ್ನು ತಿದ್ದುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ಮೂಲಬರಹ ಸಿಗಲಿಲ್ಲ. ಅದು ಯಾರ ಬಳಿ ಇತ್ತೋ ಅವರು ಯಾರಿಗೂ ಕೊಡೆನೆಂದು ಬರೆದುಕೊಟ್ಟಿದ್ದರು. ಸಣ್ಣ ಸಂಗತಿ. ಅದರಿಂದ ಸ್ಟಾಲ್‌ಮನ್‌ರಿಗೆ ಬಂದ ಬೇಸರ ಮಾತ್ರ ಸಣ್ಣದಾಗಿರಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. 1989ರಲ್ಲಿ ಜಿಪಿಎಲ್ ಪರವಾನಗಿ ಹೊರಬಂದಿತು.

ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಕಂಡವರಿಗೆ ಜಿಪಿಎಲ್ ತಿಳಿಯುವುದು ಸುಲಭ. ಒಬ್ಬನ ಹೊಲದ ಕಳೆ ತೆಗೆಯಲು ನೆರೆಯವರು ಬರುತ್ತಾರೆ, ಕೂಲಿ ಕೇಳುವುದಿಲ್ಲ, ಅವರ ಹೊಲದ ಸರದಿ ಬಂದಾಗ ಈತನು ಹೋಗಲೇಬೇಕು. ಜಿಪಿಎಲ್ ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. ಈ ಕ್ರಮವಿಧಿಯನ್ನು ಬಳಸಿರಿ, ತಿದ್ದಿರಿ, ಹಂಚಿರಿ, ಬೇಕಾದರೆ ಮಾರಿರಿ. ಆದರೆ ತಿದ್ದಿದುದನ್ನು ಅಥವಾ ಇದನ್ನು ಕೂಡಿಸಿ ಕಟ್ಟಿದುದನ್ನು ಇತರರಿಗೆ ಕೊಡುವಾಗ ಮೂಲಬರಹವನ್ನೂ ಕೊಡಿರಿ, ಇದೇ ಸ್ವಾತಂತ್ರ್ಯವನ್ನು ಅವರಿಗೂ ಕೊಡಿರಿ. ತನ್ನಷ್ಟಕ್ಕೆ ತಾನು ಬಳಸಿಕೊಳ್ಳುವವನಿಗೆ ಈ ಹೊಣೆಯಿಲ್ಲ. ಹಂಚಿದಾಗಲೇ ಮುಯ್ಯಿ ತೀರಿಸಬೇಕಾದುದು.

ಇದಕ್ಕಿಂತ ಸಡಿಲವಾದ ಪರವಾನಗಿಗಳೂ ಇವೆ. ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ಬಿಎಸ್‌ಡಿ ಎಂಬುದು ಅಂಥದು. ಅದು ಮುಯ್ಯಿಯನ್ನು ಕೇಳುವುದಿಲ್ಲ. ಬರೆದವರ ಹೆಸರನ್ನೂ ಪರವಾನಗಿಯ ಒಕ್ಕಣೆಯನ್ನೂ ಅಳಿಸಬೇಡಿರಿ ಎಂದಷ್ಟೇ ಕೇಳುತ್ತದೆ. ಅಂಕಿತವೊಂದು ಉಳಿದರೆ ಸಾಕೆನ್ನುವ ಉದಾರತೆ ಅದರದು. ಖಗೋಳವಿಜ್ಞಾನಿಗಳ ಆಸ್ಟ್ರೋಪೈ ತಂತ್ರಾಂಶ ಈ ಬಗೆಯದು.

ಒಂದು ಬಗೆಯ ಪರವಾನಗಿಯ ಪಕ್ಕದಲ್ಲಿ ಇನ್ನೊಂದು ಬಗೆಯದನ್ನು ಇಟ್ಟಾಗ ಬರುವ ತೊಡಕು ಬೇರೆಯೇ. ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿ ಕಣಗಳ ಘರ್ಷಣೆಯ ಮಾಹಿತಿಯನ್ನು ಸೋಸಲು ರೂಟ್ ಎಂಬ ತಂತ್ರಾಂಶವನ್ನು ಬಳಸುತ್ತಾರೆ. ಅದನ್ನು ರೆನೆ ಬ್ರೂನ್ ಮತ್ತು ಫೋನ್ಸ್ ರಾಡೆಮೇಕರ್ಸ್ ಎಂಬುವರು 1990ರ ದಶಕದ ನಡುವಿನಲ್ಲಿ ಆರಂಭಿಸಿದರು. ರೂಟ್ ತಂತ್ರಾಂಶದ ಪರವಾನಗಿ ಜಿಪಿಎಲ್‌ಗಿಂತ ಮೆತ್ತನೆಯದು. ಅದಕ್ಕೆ ಗ್ನೂ ಭಂಡಾರದ ಕೆಲವು ಗಣಿತಕ್ರಿಯೆಗಳು ಬೇಕಾಗಿದ್ದವು. ಅವನ್ನು ತಂದು ಎಲ್ಲದರೊಡನೆ ಕಲಸಿದ್ದರೆ ಜಿಪಿಎಲ್‌ನ ಕರಾರು ಇಡೀ ರೂಟ್‌ಗೆ ಅಂಟಿಕೊಳ್ಳುತ್ತಿತ್ತು. ಅದಕ್ಕಾಗಿ ಆ ಕ್ರಿಯೆಗಳನ್ನೆಲ್ಲ ‘ಮ್ಯಾತ್‌ಮೋರ್’ ಎಂಬ ಪ್ರತ್ಯೇಕ ಭಾಗದಲ್ಲಿರಿಸಿ, ಆ ಭಾಗಕ್ಕೆ ಮಾತ್ರ ಜಿಪಿಎಲ್ ಅನ್ವಯಿಸುತ್ತದೆಂದು ಬರೆದಿಟ್ಟರು. ಬೇಕೆಂದವರು ಅದನ್ನು ಸೇರಿಸಿಕೊಳ್ಳಬಹುದು, ಬೇಡವೆಂದವರು ಬಿಡಬಹುದು. ಒಂದೇ ಕಣದಲ್ಲಿ ಇಬ್ಬರ ಜೋಳದ ರಾಶಿ ಹಾಕಬೇಕಾಗಿ ಬಂದಾಗ ನಡುವೆ ಗೆರೆ ಎಳೆಯುವ ಒಕ್ಕಲಿಗನ ಜಾಣ್ಮೆ ಇದು. ಬ್ರಹ್ಮಾಂಡದ ಮೂಲವನ್ನು ಹುಡುಕುವವರಿಗೂ ರಾಶಿಯ ಗೆರೆ ತಪ್ಪಿದ್ದಲ್ಲ.

ಪರವಾನಗಿಯ ಒಕ್ಕಣೆಯೇ ಇಲ್ಲದ ಕ್ರಮವಿಧಿಗಳ ಪಾಡೇನು? ಬೀದಿಯಲ್ಲಿ ಬಿದ್ದುದು ಎತ್ತಿಕೊಂಡವನದು ಎಂದು ಅನೇಕರು ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಕೃತಿಸ್ವಾಮ್ಯ ಪಡೆಯಲು ಅರ್ಜಿ ಹಾಕಬೇಕಾಗಿಲ್ಲ, ಮುದ್ರೆ ಒತ್ತಿಸಬೇಕಾಗಿಲ್ಲ. ಬರೆದೊಡನೆ ಅದು ಹುಟ್ಟುತ್ತದೆ. ಭಾರತದಲ್ಲಿ ಅದು ಕರ್ತೃವಿನ ಆಯುಷ್ಯದುದ್ದಕ್ಕೂ, ಆಮೇಲೆ 60 ವರ್ಷಗಳವರೆಗೂ ಇರುತ್ತದೆ. ಆದ್ದರಿಂದ ಒಳ್ಳೆಯ ಮನಸ್ಸಿನ ವಿಜ್ಞಾನಿಯೊಬ್ಬನು ತನ್ನ ಕ್ರಮವಿಧಿಯನ್ನು ನಾಲ್ಕು ಜನರಿಗೆ ಕೊಟ್ಟು, ಯಾವ ಷರತ್ತನ್ನೂ ಬರೆಯದೆ ಹೋದರೆ ಅದು ಉಪಕಾರವಾಗುವ ಬದಲು ಮುಳ್ಳಾಗುತ್ತದೆ. ಆತನ ಅಪ್ಪಣೆಯನ್ನು ಕೇಳೋಣವೆಂದರೆ ಆತನು ಊರು ಬಿಟ್ಟಿರಬಹುದು, ಲೋಕವನ್ನೇ ಬಿಟ್ಟಿರಬಹುದು. ಎರಡು ಸಾಲಿನ ಒಕ್ಕಣೆಯನ್ನು ಬರೆಯಲು ಬೇಸರಪಟ್ಟವನ ಕೆಲಸ ಹೀಗೆ ಹಾಳಾಗುತ್ತದೆ.

ಇಷ್ಟೆಲ್ಲ ಕಟ್ಟಳೆಗಳೇಕೆ, ವಿಜ್ಞಾನಿಗೆ ಬೇಕಾದುದು ಉತ್ತರವಲ್ಲವೇ ಎಂದು ಕೇಳುವವರುಂಟು. ಉತ್ತರವನ್ನು ನಂಬುವುದು ಹೇಗೆ ಎಂಬುದೇ ವಿಜ್ಞಾನದ ಮೊದಲ ಪ್ರಶ್ನೆ. ಭೌತವಿಜ್ಞಾನದ ನೆರೆಯದಾದ ರಸಾಯನವಿಜ್ಞಾನದಲ್ಲಿ 2019ರಲ್ಲಿ ನಡೆದುದನ್ನು ನೋಡಬಹುದು. ಅಣುಗಳ ರಚನೆಯನ್ನು ಗುರುತಿಸಲು ನೆರವಾಗುವ ಚಿಕ್ಕದೊಂದು ಕ್ರಮವಿಧಿಯನ್ನು ಕೆಲವರು 2014ರಲ್ಲಿ ಮೂಲಬರಹದೊಡನೆ ಪ್ರಕಟಿಸಿದ್ದರು. ನೂರಕ್ಕೂ ಹೆಚ್ಚು ಪ್ರಬಂಧಗಳು ಆ ವಿಧಾನವನ್ನು ಉಲ್ಲೇಖಿಸಿದ್ದವು. ಹವಾಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನಿಗೆ ಅದರ ಉತ್ತರಗಳು ತಾಳೆಯಾಗಲಿಲ್ಲ. ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಓಡಿಸಿ ನೋಡಿದರೆ ಬೇರೆ ಬೇರೆ ಉತ್ತರಗಳು! ಕಡತಗಳನ್ನು ಯಾವ ಅನುಕ್ರಮದಲ್ಲಿ ಓದಬೇಕೆಂದು ಆ ಕ್ರಮವಿಧಿಯು ಹೇಳಿರಲಿಲ್ಲ. ಒಂದು ಬಗೆಯ ಕಂಪ್ಯೂಟರು ಒಂದು ಕ್ರಮದಲ್ಲಿ ಓದಿದರೆ ಮತ್ತೊಂದು ಬಗೆಯದು ಇನ್ನೊಂದು ಕ್ರಮದಲ್ಲಿ ಓದುತ್ತಿತ್ತು. ಐದು ವರ್ಷಗಳ ಕಾಲ ಹಿರಿಯರ ಕಣ್ಣಿಗೆ ಬೀಳದ ತಪ್ಪು ವಿದ್ಯಾರ್ಥಿಯ ಕಣ್ಣಿಗೆ ಬಿತ್ತು. ಮೂಲಬರಹ ತೆರೆದಿತ್ತು, ಆದುದರಿಂದ ಕಾರಣವೂ ಸಿಕ್ಕಿತು. ಅದನ್ನು ಬರೆದವರನ್ನು ಹಳಿಯುವುದು ಸಲ್ಲದು. ತೆರೆದಿಟ್ಟ ಬರಹದಲ್ಲಿ ತಪ್ಪು ಕಾಣುತ್ತದೆ. ಬಚ್ಚಿಟ್ಟ ಬರಹದಲ್ಲಿಯೂ ಇರುತ್ತದೆ, ಕಾಣುವುದಿಲ್ಲ.

ಹಾಗೆಂದು ಮಾರುವವರೆಲ್ಲ ಲೋಭಿಗಳೆಂದು ಹೇಳುವುದೂ ಸರಿಯಲ್ಲ. ಕ್ರಮವಿಧಿಯನ್ನು ಬರೆಯುವವನಿಗೂ ಹೊಟ್ಟೆಯಿದೆ. ಎಫ್‌ಎಫ್‌ಟಿಡಬ್ಲ್ಯೂ ಜಿಪಿಎಲ್‌ನ ಕೆಳಗೆ ಎಲ್ಲರಿಗೂ ದೊರೆಯುತ್ತದೆ. ಮುಯ್ಯಿ ತೀರಿಸಲು ಮನಸ್ಸಿಲ್ಲದ ಕಂಪನಿಗೆ ಎಂ.ಐ.ಟಿ. ಸಂಸ್ಥೆಯು ಹಣ ಪಡೆದು ಬೇರೊಂದು ಪರವಾನಗಿಯನ್ನು ಕೊಡುತ್ತದೆ. ಇದರಲ್ಲಿ ಕದ್ದುಮುಚ್ಚಿ ಮಾಡಿದುದೇನೂ ಇಲ್ಲ. ನಿಜವಾಗಿ ಖಂಡಿಸಬೇಕಾದುದು, ಮುಕ್ತವಾಗಿ ಸಿಕ್ಕಿತೆಂದು ತೆಗೆದುಕೊಂಡು, ತಲೆಬರಹವನ್ನು ಕತ್ತರಿಸಿ ತನ್ನದೆಂದು ತೋರಿಸುವ ಚಾಳಿ. ಗೋಪಾಲದಾಸರ ಪದದ ಕಡೆಯ ನುಡಿಯನ್ನು ಬದಲಿಸಿ ತನ್ನ ಹೆಸರನ್ನು ಸೇರಿಸಿ ಹಾಡುವವನನ್ನು ಮೊಸರಕಲ್ಲಿನ ಜನ ಮೇಳದಲ್ಲಿ ಕೂರಿಸಿಕೊಂಡಾರೆಯೇ?

ಈ ಪರವಾನಗಿಗಳು ದೂರದೇಶದ ವಕೀಲರ ಕೈಯಲ್ಲಿ ಮಾತ್ರ ರೂಪುಗೊಂಡವೆಂದು ತಿಳಿಯಬೇಕಾಗಿಲ್ಲ. ಜಿಪಿಎಲ್‌ನ ಮೂರನೆಯ ಆವೃತ್ತಿಯ ಕರಡನ್ನು ಚರ್ಚಿಸಲು ಸೇರಿದ ನಾಲ್ಕನೆಯ ಅಂತರರಾಷ್ಟ್ರೀಯ ಸಮ್ಮೇಳನವು 2006ರ ಆಗಸ್ಟ್ 23 ಮತ್ತು 24ರಂದು ಬೆಂಗಳೂರಿನಲ್ಲಿ ನಡೆಯಿತು. ಸ್ಟಾಲ್‌ಮನ್‌ರೇ ಬಂದು ಮಾತನಾಡಿದರು. ಮರುವರ್ಷದ ಜೂನ್ ತಿಂಗಳಲ್ಲಿ ಆ ಆವೃತ್ತಿ ಜಾರಿಗೆ ಬಂದಿತು.

ದೇವದುರ್ಗದಂಥ ಊರಿನ ಶಾಲೆಗೆ ಇದರಿಂದ ಏನು ದೊರೆತೀತು? ದೊರೆಯುವುದು ಕಡಿಮೆಯೇನಲ್ಲ. ದೊಡ್ಡ ಪ್ರಯೋಗಾಲಯಗಳಲ್ಲಿ ಬಳಸುವ ಬೆಲೆಯ ತಂತ್ರಾಂಶಗಳನ್ನು ಕೊಳ್ಳುವ ಶಕ್ತಿ ತಾಲ್ಲೂಕು ಕೇಂದ್ರದ ಶಾಲೆಗೆ ಎಲ್ಲಿಂದ ಬರಬೇಕು? ಆದರೆ ಆ ಗುರುತ್ವದ ಅಲೆಯ ಮಾಹಿತಿಯನ್ನು 2016ರ ಫೆಬ್ರುವರಿಯಲ್ಲಿ ಶೋಧವನ್ನು ಸಾರಿದ ದಿನವೇ ಸಾರ್ವಜನಿಕರಿಗೆ ತೆರೆದಿಡಲಾಯಿತು. ಅದನ್ನು ಬಿಡಿಸಿ ನೋಡುವ ಕ್ರಮವಿಧಿಯನ್ನೂ ವಿವರಣೆಯೊಡನೆ ಜೊತೆಗಿಟ್ಟರು. ಸಾಮಾನ್ಯ ಕಂಪ್ಯೂಟರೊಂದಿದ್ದರೆ, ಕಲಿಯುವ ಹಟವಿದ್ದರೆ, ಇಲ್ಲಿಯ ಹುಡುಗಿಯೊಬ್ಬಳು ಆ ಅಲೆಯನ್ನು ತಾನೇ ಹೆಕ್ಕಿ ತೆಗೆದು ನೋಡಬಹುದು. ಶಿವಕೋಟೆಯ ವಿಜ್ಞಾನಿಗಳ ಮುಂದಿದ್ದ ಅದೇ ಅಲೆಯನ್ನು.

ಲೈಗೋದ ಮೂರನೆಯ ಉಪಕರಣಕ್ಕೆ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಜಾಗ ಗೊತ್ತಾಗಿದೆ. 2,600 ಕೋಟಿ ರೂಪಾಯಿಗಳ ಈ ಯೋಜನೆಗೆ ಕೇಂದ್ರ ಸಚಿವಸಂಪುಟವು 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. 1956ರ ನವೆಂಬರ್ 1ರವರೆಗೆ ಆ ಸೀಮೆಯೂ ರಾಯಚೂರು ಸೀಮೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿ ಉಪಕರಣ ಎದ್ದುನಿಂತಾಗ ಅದರ ಮಾಹಿತಿಯನ್ನು ಓದಲು ಕ್ರಮವಿಧಿಗಳು ಬೇಕಾಗುತ್ತವೆ. ಈಗಿರುವ ಮೂಲಬರಹಗಳನ್ನು ಅದಕ್ಕೆ ಒಗ್ಗುವಂತೆ ಯಾರಾದರೂ ತಿದ್ದಬೇಕಾಗುತ್ತದೆ. ತಿದ್ದಿದವರ ಹೆಸರಿಗೆ ಕಡತದ ತಲೆಯಲ್ಲಿ, ಹಳೆಯ ಹೆಸರುಗಳ ಕೆಳಗೆ, ಜಾಗವಿದೆ.